ಆಪರೇಷನ್‌ಗೆ ಹಣ ಕೊಟ್ಟೆವು, ಆಮೇಲೆ ಕೇಳಿದೆವಾ?

"ಹೃದಯದ ವಾಲ್ವ್ ಬದಲಿಸಬೇಕಂತೆ" ಎಂಬ ಸುದ್ದಿ ಬಂದರೆ ನಮ್ಮ ಜಮಾಅತ್‌ಗಳು ಕೈಕಟ್ಟಿ ಕೂರುವುದಿಲ್ಲ. ಜುಮಾ ಮುಗಿಯುವಷ್ಟರಲ್ಲಿ ಮಸೀದಿ ಬಾಗಿಲಲ್ಲಿ ಹಣ ಸೇರುತ್ತದೆ. ಗಲ್ಫ್‌ನಲ್ಲಿರುವ ಮಕ್ಕಳೂ ಕಳಿಸುತ್ತಾರೆ. ಇದು ದೊಡ್ಡ ಗುಣ. ಆದರೆ ರೋಗಿ ಮನೆಗೆ ಬಂದ ಮೇಲೆ "ಈ ತಿಂಗಳು ರಕ್ತ ಪರೀಕ್ಷೆ ಮಾಡಿಸಿದ್ಯಾ?" ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ಅಡಿಕೆ ವ್ಯಾಪಾರಕ್ಕೆ ಹೆಸರಾದ ಚಿತ್ರದುರ್ಗದ ಭೀಮಸಮುದ್ರದಂಥ ಊರಲ್ಲಿ ನೆಲೆಸಿದ ಒಂದು ಮನೆಯನ್ನು ನೆನೆಸಿಕೊಳ್ಳಿ. ನೆಂಟರೆಲ್ಲ ಕರಾವಳಿಯಲ್ಲಿ. ಆಪರೇಷನ್ ಆದದ್ದು ಸುಮಾರು 200 ಕಿಲೋಮೀಟರ್ ದೂರದ ಬೆಂಗಳೂರಲ್ಲಿ. ಡಿಸ್ಚಾರ್ಜ್ ಚೀಟಿ ಇಂಗ್ಲಿಷ್‌ನಲ್ಲಿ, ಅದನ್ನು ಓದಿ ಹೇಳುವವರಿಲ್ಲ. ಆರು ತಿಂಗಳಲ್ಲಿ ಏದುಸಿರು ಹೋಯಿತು, ಮೈಯಲ್ಲಿ ಶಕ್ತಿ ಬಂತು. "ಗುಣ ಆಯ್ತಲ್ಲ, ಇನ್ನು ಮಾತ್ರೆ ಯಾಕೆ?" ಅಂತ ನಿಲ್ಲಿಸಿಬಿಡುತ್ತಾರೆ. ಅಪಾಯ ಶುರುವಾಗುವುದೇ ಅಲ್ಲಿ.

ಮೆಕ್ಯಾನಿಕಲ್ ವಾಲ್ವ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಜೀವನಪೂರ್ತಿ ತಿನ್ನಬೇಕು. ಮಾತ್ರೆ ಕಡಿಮೆಯಾದರೆ ವಾಲ್ವ್ ಸಿಕ್ಕಿಕೊಳ್ಳಬಹುದು, ಪಾರ್ಶ್ವವಾಯು ಬಡಿಯಬಹುದು. ಜಾಸ್ತಿಯಾದರೆ ರಕ್ತಸ್ರಾವ. ಅಳತೆ ಸರಿ ಇದೆಯೇ ಎಂದು ತಿಳಿಸುವುದು ಐಎನ್‌ಆರ್ ಎಂಬ ರಕ್ತ ಪರೀಕ್ಷೆ. ಅದು ಎಷ್ಟಿರಬೇಕೆಂದು ವೈದ್ಯರು ಚೀಟಿಯಲ್ಲಿ ಬರೆದಿರುತ್ತಾರೆ. ಮೈಟ್ರಲ್ ವಾಲ್ವ್‌ಗೆ ಸಾಮಾನ್ಯವಾಗಿ 2.5ರಿಂದ 3.5. ಮೈಕೈ ನೋವಿಗೆ ಅಂಗಡಿಯಿಂದ ಗುಳಿಗೆ ತಂದು ನುಂಗುವ ಮೊದಲು, ಹಲ್ಲು ಕೀಳಿಸುವ ಮೊದಲು, ರಂಝಾನ್ ಉಪವಾಸದ ಮೊದಲು ವೈದ್ಯರನ್ನು ಕೇಳಲೇಬೇಕು. ಮದುವೆಯಾದ ಹೆಣ್ಣುಮಕ್ಕಳು ಗರ್ಭಿಣಿಯಾಗುವ ಮುಂಚೆಯೇ ಕೇಳಬೇಕು. ಈ ಮಾತ್ರೆಗಳಲ್ಲಿ ಕೆಲವು ಮಗುವಿಗೆ ಹಾನಿ ಮಾಡುತ್ತವೆ. ಹಾಗೆಂದು ತಾವಾಗಿಯೇ ನಿಲ್ಲಿಸಿದರೆ ತಾಯಿಯ ಜೀವಕ್ಕೇ ಕುತ್ತು.

ನಮ್ಮ ದೇಶದಲ್ಲಿ ಎಳೆಯರ ವಾಲ್ವ್ ಹಾಳಾಗಲು ದೊಡ್ಡ ಕಾರಣ ರುಮ್ಯಾಟಿಕ್ ಜ್ವರ. ಅದರ ಮೂಲ 5ರಿಂದ 15 ವರ್ಷದ ಮಕ್ಕಳಿಗೆ ಬರುವ ಒಂದು ಬಗೆಯ ಗಂಟಲು ಸೋಂಕು. ಗಂಟಲು ನೋವು, ಜ್ವರ, ಆಮೇಲೆ ಕೀಲುಗಳಲ್ಲಿ ಊತ ಕಂಡರೆ ಉಮ್ಮಂದಿರು "ತಾನಾಗಿ ಹೋಗ್ತದೆ" ಎಂದು ಬಿಡಬಾರದು. ವೈದ್ಯರು ಪೆನಿಸಿಲಿನ್ ಇಂಜೆಕ್ಷನ್ ಬರೆದಿದ್ದರೆ 3-4 ವಾರಕ್ಕೊಮ್ಮೆ, ಅವರು ಹೇಳಿದಷ್ಟು ವರ್ಷ, ತಪ್ಪದೆ ಕೊಡಿಸಬೇಕು.

ಹಣದ ದಾರಿಯೂ ಇದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ರೇಷನ್ ಕಾರ್ಡ್, ಆಧಾರ್ ಹಿಡಿದು ಮೊದಲು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಮೈಸೂರು, ಕಲಬುರಗಿಯಲ್ಲೂ ಆಸ್ಪತ್ರೆಗಳಿವೆ.

ಜಮಾಅತ್‌ಗಳಿಗೆ ನನ್ನದೊಂದೇ ವಿನಂತಿ. ಹಣ ಎತ್ತಿದ ದಿನವೇ ಆ ರೋಗಿಗೆ ಒಬ್ಬ ಜೊತೆಗಾರನನ್ನು ಗೊತ್ತು ಮಾಡಿ. ಹೆಣ್ಣುಮಕ್ಕಳಿಗೆ ಜೊತೆಗಾತಿಯನ್ನು. ಕಾಲೇಜು ಓದುವ ಹುಡುಗನೋ ಹುಡುಗಿಯೋ ಸಾಕು: ಚೀಟಿ ಓದಬೇಕು, ಪರೀಕ್ಷೆಯ ದಿನ ನೆನಪಿಸಬೇಕು, ಲ್ಯಾಬ್‌ಗೆ ಕರೆದೊಯ್ಯಬೇಕು. ಮೊದಲೇ ವಾಲ್ವ್ ಹಾಕಿಸಿಕೊಂಡವರು ಊರಲ್ಲಿದ್ದರೆ ಹೊಸಬರ ಜೊತೆ ಒಂದು ಗಂಟೆ ಕೂರಿಸಿ. ಅವರ ಮಾತಿನಿಂದ ಸಿಗುವ ಧೈರ್ಯ ಬೇರೆ ಯಾರಿಂದಲೂ ಸಿಗದು.

ಹಣ ಒಂದು ದಿನದ ಸಹಾಯ. ಮಾತ್ರೆ ಮಾತ್ರ ದಿನಾ ತಿನ್ನಬೇಕಲ್ಲ.