ಸಜ್ಜಾಗಬೇಕಾದವರು ಯಾರು?

ಹಾಕಿ ಆಡುವ ಹುಡುಗರು ದೊಡ್ಡ ಆಟಕ್ಕೆ ಯಾವ ವಯಸ್ಸಿಗೆ ಸಜ್ಜಾಗುತ್ತಾರೆ? ಹದಿನೇಳಕ್ಕೋ, ಇಪ್ಪತ್ತೊಂದಕ್ಕೋ? ಆಯ್ಕೆ ಮಾಡುವ ದೊಡ್ಡವರು ಹೀಗೆ ಲೆಕ್ಕ ಹಾಕುತ್ತಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ನಾವು ಕೇಳುತ್ತೇವೆ: ಬಿತ್ತದ ಹೊಲದಾಗ ನಿಂತು ತೆನಿ ಬಲಿತೈತೇನು ಅಂದ್ರ ಹೆಂಗ್ರಿ ಸ್ವಾಮಿ?

ಮಧ್ಯಪ್ರದೇಶದ ವಿವೇಕ್ ಸಾಗರ್ ಪ್ರಸಾದ್ 2018ರಲ್ಲಿ, ಹದಿನೇಳನೇ ವಯಸ್ಸಿಗೇ, ದೇಶದ ಹಿರಿಯರ ತಂಡದಲ್ಲಿ ಆಡಿದ. ಜಾರ್ಖಂಡಿನ ಸಿಮ್ಡೇಗಾದ ಆದಿವಾಸಿ ಹುಡುಗಿ ಸಲೀಮಾ ಟೇಟೆ ಬಿದಿರು ಕೋಲು ಹಿಡಿದು ಆಟ ಕಲಿತಳು. 2024ರಲ್ಲಿ ದೇಶದ ತಂಡಕ್ಕೇ ನಾಯಕಿಯಾದಳು. ಇವರೇನು ಆಕಾಶದಿಂದ ಉದುರಿದರೇ? ಅವನಿಗೆ ಭೋಪಾಲಿನ ಅಕಾಡೆಮಿ ಇತ್ತು, ಅವಳಿಗೆ ಸಿಮ್ಡೇಗಾದ ತರಬೇತಿ ಕೇಂದ್ರವಿತ್ತು. ಕೋಲಿನಿಂದ ಟರ್ಫಿಗೆ ಏರಲು ನಡುವೆ ಒಂದು ಮೆಟ್ಟಿಲಿತ್ತು.

1997ರಲ್ಲಿ ಕೊಡಗಿನಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾಯಿತು. ಅದೇ ವರ್ಷ ಕೊಪ್ಪಳ ಜಿಲ್ಲೆಯಾಯಿತು. ಅಲ್ಲಿ ಹಾಕಿ ಮನೆಯ ಸೊತ್ತು. ಇಲ್ಲಿ ಅಪ್ಪ ಅವ್ವ ಗುಳೆ ಹೊರಟರೆ ಮಕ್ಕಳ ಶಾಲೆಯೇ ತಪ್ಪುತ್ತದೆ, ಆಟ ಎಲ್ಲಿಯದು? ಕೊಡಗಿನ ಮೇಲೆ ನಮಗೆ ಸಿಟ್ಟಿಲ್ಲ. ಮನೆಯಲ್ಲಿ ಸೊತ್ತಿಲ್ಲದ ಮಕ್ಕಳಿಗೆ ಸರ್ಕಾರವೇ ಮನೆಯಾಗಬೇಕು. 371(ಜೆ) ವಿಧಿ ಓದಿನಲ್ಲಿ, ನೌಕರಿಯಲ್ಲಿ ನಮ್ಮ ಪಾಲು ಹೇಳಿತು. ಆಟದ ಪಾಲು ಯಾರು ಹೇಳಬೇಕು?

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಹುಲ್ಲು ಬಿಟ್ಟು ಕೃತಕ ಹಾಸಿಗೆ ಹೋಯಿತು. ಹುಲ್ಲಿನ ಮೇಲೆ ಚಿನ್ನ ಗೆದ್ದಿದ್ದ ಭಾರತ ಏಳನೇ ಸ್ಥಾನಕ್ಕೆ ಬಿತ್ತು. ದೇಶಕ್ಕೇ ಹೀಗಾದ ಮ್ಯಾಲೆ, ಎರಿ ಹೊಲದಾಗ ಓಡಿದ ಹುಡುಗ ಆಯ್ಕೆಯ ಒಂದೇ ದಿನದಾಗ ಟರ್ಫಿಗೆ ಹೆಂಗ ಹೊಂದ್ಯಾನು?

ಉಳ್ಳವರ ಮಗ ಈ ಸಲ ಬಿದ್ದರೆ ಮುಂದಿನ ಸಲ ಬರುತ್ತಾನೆ. ಕೇರಿಯ ಹುಡುಗ ಸಾಲದ ದುಡ್ಡಿನಲ್ಲಿ ಬಸ್ಸು ಹತ್ತಿರುತ್ತಾನೆ. ಬಿದ್ದರೆ ಮರುದಿನವೇ ಕಲ್ಲಿನ ಕ್ವಾರಿ, ಇಲ್ಲಾ ಬೆಂಗಳೂರಿನ ಗಾರೆ ಕೆಲಸ. ಸೋತು ಮತ್ತೆ ಎದ್ದು ನಿಲ್ಲಲು ಕಾಲ ಕೆಳಗೆ ನೆಲವಿದ್ದವನೇ ದೊಡ್ಡ ಆಟಕ್ಕೆ ಸಜ್ಜಾದವನು. ಆ ನೆಲ ಕೊಡದೆ 'ಇವನಿನ್ನೂ ಹಸಿ' ಎಂದು ಹಿಂದಕ್ಕೆ ಕಳಿಸುವುದು ಹೊರಗಿಡುವ ಹಳೆಯ ಹಿಕಮತ್ತು.

ಸಜ್ಜಾದ ಮೇಲಾದರೂ ಬಿಟ್ಟರೇ? 2021ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ದಲಿತರ ಮಗಳು ವಂದನಾ ಕಟಾರಿಯಾ ದಕ್ಷಿಣ ಆಫ್ರಿಕಾದ ಮೇಲೆ ಮೂರು ಗೋಲು ಹೊಡೆದಳು; ಒಲಿಂಪಿಕ್ಸ್ ಹಾಕಿಯಲ್ಲಿ ಭಾರತದ ಹೆಣ್ಣುಮಗಳ ಮೊದಲ ಹ್ಯಾಟ್ರಿಕ್ ಅದು. ಸೆಮಿಫೈನಲ್ಲಿನಲ್ಲಿ ತಂಡ ಸೋತಾಗ ತಮ್ಮ ಮನೆ ಮುಂದೆ ಪಟಾಕಿ ಹಾರಿಸಿ ಜಾತಿ ಎತ್ತಿ ಬೈದರೆಂದು ಅವಳ ಮನೆಯವರು ಪೊಲೀಸರಿಗೆ ದೂರು ಕೊಡಬೇಕಾಯಿತು. ಅವಳು ಸಜ್ಜಾಗಿದ್ದಳು. ಸಜ್ಜಾಗದೆ ಉಳಿದವರು ಯಾರು?

ಗೆಳೆಯರೇ, ಹಳ್ಳಿಯ ಮಾಸ್ತರರೇ, ನಾವು ಕೇಳೋಣ: ತಾಲ್ಲೂಕಿಗೊಂದು ಮೈದಾನ, ಹತ್ತನೇ ವಯಸ್ಸಿಗೇ ಕೈಗೆ ಸ್ಟಿಕ್ಕು, ಹೊಟ್ಟೆ ತುಂಬ ಉಣಿಸುವ ಹಾಸ್ಟೆಲು, ಕೂಲಿಯವರ ಮಕ್ಕಳಿಗೆ ಬಸ್ ಚಾರ್ಜು, ಬಿದ್ದವರಿಗೆ ಇನ್ನೊಂದು ಆಯ್ಕೆ. ಇಷ್ಟು ಕೊಟ್ಟು ಎಂಟು ವರ್ಷ ನೋಡಲಿ. ಆಮೇಲೆ ನಮ್ಮ ಹುಡುಗರ ವಯಸ್ಸು ಕೇಳಲಿ. ಅಲ್ಲೀತನಕ ಪ್ರಶ್ನೆ ನಮ್ಮದು: ನೀವು ಸಜ್ಜಾಗೀರೇನ್ರಿ?