ಪುಸ್ತಕದಂಗಡಿಯಲ್ಲಿ ವಾದ್ಯಗೋಷ್ಠಿ

ಕಳೆದ ತಿಂಗಳು ನಮ್ಮ ಮನೆಯ ಜಗುಲಿಯಲ್ಲಿ ಒಂದು ಸಣ್ಣ ವಾದವೆದ್ದಿತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನು ರಜೆಯಲ್ಲಿ ಊರಿಗೆ ಬಂದಿದ್ದನು. ತಾನು ವಾಸಿಸುವ ಮೊಹಲ್ಲೆಯ ಪುಸ್ತಕದಂಗಡಿಯಲ್ಲಿ ಶುಕ್ರವಾರ ಸಂಜೆ ಜಾಝ್ ವಾದ್ಯಗೋಷ್ಠಿ ನಡೆಯುವುದೆಂದೂ, ಬೇರೆ ದಿನಗಳಲ್ಲಿ ಕವಿಗಳು ಬಂದು ಕವಿತೆಗಳನ್ನು ಓದುವರೆಂದೂ ಅವನು ಹೇಳಲು, ನನಗೆ ನಗು ಬಂದಿತು. “ಡೋಲು ಬಾರಿಸುವ ಎಡೆಯಲ್ಲಿ ಪುಸ್ತಕವನ್ನು ತೆರೆಯುವವರು ಯಾರಪ್ಪಾ? ಸರಸ್ವತಿಯ ಮನೆಯನ್ನು ಸಂತೆ ಮಾಡಿದಿರಲ್ಲ!” ಎಂದೆನು. ಅವನು ಮೆಲ್ಲನೆ, “ಮಾವ, ರಘುವಂಶ ಶ್ರವ್ಯಕಾವ್ಯವೆಂದು ನಮಗೆ ಪಾಠ ಹೇಳಿದವರು ನೀವೇ. ಅದನ್ನು ಎಂದಾದರೂ ನಮಗೆ ಕೇಳಿಸಿದಿರಾ?” ಎಂದನು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಕಾರಣದಿಂದಲೇ ಈ ವಿಷಯವನ್ನು ವಾಚಕರ ಮುಂದೆ ಇಡುತ್ತಿರುವೆನು.

ನಮ್ಮ ಆಲಂಕಾರಿಕರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ಎರಡಾಗಿ ವಿಂಗಡಿಸಿದರು. ಮೂಲೆಯಲ್ಲಿ ಕುಳಿತು ಮೌನವಾಗಿ ಕಣ್ಣಾಡಿಸತಕ್ಕದ್ದೆಂಬ ಮೂರನೆಯ ಬಗೆಯನ್ನು ಅವರು ಹೇಳಲಿಲ್ಲ. ಬ್ರಹ್ಮನು ಪಾಠ್ಯವನ್ನು ಋಗ್ವೇದದಿಂದಲೂ ಗೀತವನ್ನು ಸಾಮವೇದದಿಂದಲೂ ತೆಗೆದು ನಾಟ್ಯವೇದವನ್ನು ರಚಿಸಿದನೆಂದು ಭರತಮುನಿಯು ಹೇಳುವನು. ಪಾಠ್ಯ ಬೇರೆ, ಗೀತ ಬೇರೆ. ಆದರೆ ಎರಡಕ್ಕೂ ರಂಗ ಒಂದೇ. ಹಾಡದೆ ಓದುವ ಮಾತಿಗೂ ಸ್ವರ, ಸ್ಥಾನ, ಕಾಕು ಮೊದಲಾದ ಗುಣಗಳನ್ನು ಆತನು ವಿಧಿಸಿರುವನು. ನನ್ನ ಸೋದರಳಿಯನು ವರ್ಣಿಸಿದ ಗೋಷ್ಠಿಗಳ ಮರ್ಮವೂ ಇದೇ ಎಂಬುದು ವಿಚಾರಮಾಡಿದ ಮೇಲೆ ನನಗೆ ಹೊಳೆಯಿತು.

ಜಾಝ್ ಎಂಬುದು ಅಮೆರಿಕದಲ್ಲಿ ಆಫ್ರಿಕಾ ಮೂಲದ ಜನರ ನಡುವೆ, ಮುಖ್ಯವಾಗಿ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದ ಸುಮಾರಿಗೆ ರೂಪಗೊಂಡ ಸಂಗೀತ. ನಮ್ಮ ಮನೋಧರ್ಮಸಂಗೀತವನ್ನು ಕೇಳಿದವರಿಗೆ ಇದು ತೀರ ಅಪರಿಚಿತವೆನಿಸದು. ವಾದ್ಯಗಾರರು ಮೊದಲು ಒಂದು ಮಟ್ಟನ್ನು ನುಡಿಸುವರು. ತರುವಾಯ ಒಬ್ಬೊಬ್ಬನೂ ಅದೇ ಆವರ್ತದ ಕಟ್ಟಿನೊಳಗಿದ್ದು ತನ್ನ ಕಲ್ಪನೆಯನ್ನು ಬೆಳೆಸುವನು. ಉಳಿದವರು ಕಿವಿಗೊಟ್ಟು ಅನುಸರಿಸುವರು. ಕೊನೆಗೆ ಎಲ್ಲರೂ ಮೊದಲ ಮಟ್ಟಿಗೆ ಹಿಂದಿರುಗುವರು. ಅವರ ಮುಖ್ಯ ವಾದ್ಯಗಳಲ್ಲೊಂದಾದ ಸ್ಯಾಕ್ಸೋಫೋನಿನಲ್ಲಿ ನಮ್ಮ ರಾಗಗಳನ್ನೇ ಕದ್ರಿ ಗೋಪಾಲನಾಥರು ನುಡಿಸಿದ್ದನ್ನು ಕನ್ನಡಿಗರು ಬಲ್ಲರು.

ಈ ಸಂಗೀತದ ಬೇರುಗಳಲ್ಲಿ ಬ್ಲೂಸ್ ಎಂಬ ದುಃಖಗೀತ ಒಂದು. ಅದರ ಕಟ್ಟು ಗಮನಾರ್ಹವಾದುದು. ಸಾಮಾನ್ಯವಾಗಿ ಹನ್ನೆರಡು ಮಾತ್ರಾಗಣಗಳ ಒಂದು ಆವರ್ತದಲ್ಲಿ ಮೂರು ಪಂಕ್ತಿಗಳು. ಮೊದಲ ಪಂಕ್ತಿಯನ್ನು ಹೇಳಿ, ಅದನ್ನೇ ಮತ್ತೊಮ್ಮೆ ಹೇಳಿ, ಮೂರನೆಯದರಲ್ಲಿ ಅದಕ್ಕೆ ಸಮಾಧಾನವನ್ನು ಕೊಡುವರು. ಪ್ರತಿ ಪಂಕ್ತಿಗೂ ನಾಲ್ಕು ಗಣಗಳ ಅವಕಾಶವಿದ್ದರೂ ಕಂಠವು ಅದರ ಸುಮಾರು ಅರ್ಧವನ್ನು ಮಾತ್ರ ತುಂಬುವುದು. ಮಿಕ್ಕ ಅರ್ಧದಲ್ಲಿ ವಾದ್ಯವು ಪ್ರತ್ಯುತ್ತರ ನೀಡುವುದು. ಎಂದರೆ ವಾದ್ಯಕ್ಕಾಗಿ ಎಲೆ ಹಾಕಿ ಎಡೆಬಿಟ್ಟ ಪದ್ಯವಿದು. ಲ್ಯಾಂಗ್‌ಸ್ಟನ್ ಹ್ಯೂಸ್ ಎಂಬ ಕವಿ ಈ ಕಟ್ಟನ್ನು ಗ್ರಂಥಸ್ಥಕಾವ್ಯಕ್ಕೆ ತಂದರು. ಅವರ ಮೊದಲ ಸಂಕಲನ ‘ದಿ ವೇರಿ ಬ್ಲೂಸ್’ ೧೯೨೬ರಲ್ಲಿ ಪ್ರಕಟವಾಯಿತು. ೧೯೫೮ರಲ್ಲಿ ಅವರು ಚಾರ್ಲ್ಸ್ ಮಿಂಗಸ್ ಮೊದಲಾದವರ ವಾದ್ಯಗಳೊಡನೆ ತಮ್ಮ ಕವಿತೆಗಳನ್ನು ತಾವೇ ಓದಿ ಧ್ವನಿಮುದ್ರಿಕೆ ಮಾಡಿಸಿದರು.

ಇನ್ನು ಸ್ಯಾನ್ ಫ್ರಾನ್ಸಿಸ್ಕೋ ನಗರದ ಕಥೆ. ಅಲ್ಲಿಯ ನಾರ್ತ್ ಬೀಚ್ ಎಂಬ ಮೊಹಲ್ಲೆಯಲ್ಲಿ ೧೯೫೩ರಲ್ಲಿ ಪೀಟರ್ ಮಾರ್ಟಿನ್ ಮತ್ತು ಲಾರೆನ್ಸ್ ಫರ್ಲಿಂಗೆಟಿ ಎಂಬಿಬ್ಬರು ತಲಾ ಐನೂರು ಡಾಲರು ಹಾಕಿ ‘ಸಿಟಿ ಲೈಟ್ಸ್’ ಎಂಬ ಪುಸ್ತಕದಂಗಡಿಯನ್ನು ತೆರೆದರು. ಬಡವನ ಕೈಗೂ ಎಟುಕುವ ಕಾಗದದ ರಟ್ಟಿನ ಪುಸ್ತಕಗಳನ್ನು ಮಾತ್ರವೇ ಮಾರುವುದು ಆ ಅಂಗಡಿಯ ವಿಶೇಷವಾಗಿದ್ದಿತು. ಫರ್ಲಿಂಗೆಟಿಯವರು ಸ್ವತಃ ಕವಿಗಳು. ೧೯೫೭ರಲ್ಲಿ ಅವರೂ, ಅವರಿಗಿಂತ ಹಿರಿಯರಾದ ಕೆನೆತ್ ರೆಕ್ಸ್‌ರಾತ್ ಎಂಬ ಕವಿಗಳೂ, ಅದೇ ಮೊಹಲ್ಲೆಯ ‘ದಿ ಸೆಲ್ಲರ್’ ಎಂಬ ನೆಲಮಾಳಿಗೆಯ ಸಂಗೀತಶಾಲೆಯಲ್ಲಿ ಜಾಝ್ ವಾದ್ಯವೃಂದದೊಡನೆ ಕವಿತೆಗಳನ್ನು ವಾಚಿಸಿದರು. ಆ ವಾಚನದ ಧ್ವನಿಮುದ್ರಿಕೆಯೂ ಹೊರಬಂದಿತು. ಮರುವರ್ಷ ಪ್ರಕಟವಾದ ತಮ್ಮ ಸಂಕಲನದಲ್ಲಿ ಫರ್ಲಿಂಗೆಟಿಯವರು ಜಾಝ್ ವಾದ್ಯದೊಡನೆ ಹೇಳುವುದಕ್ಕೆಂದೇ ರಚಿಸಿದ ಏಳು ಕವಿತೆಗಳನ್ನು ಸೇರಿಸಿದರು.

ಅದೇ ೧೯೫೭ರಲ್ಲಿ ಆ ಅಂಗಡಿಗೆ ದೊಡ್ಡ ಪರೀಕ್ಷೆಯೂ ಒದಗಿತು. ಅಲ್ಲಿಂದ ಪ್ರಕಟವಾಗಿದ್ದ ಆಲೆನ್ ಗಿನ್ಸ್‌ಬರ್ಗರ ಕವಿತಾಸಂಕಲನವು ಅಶ್ಲೀಲವೆಂದು ಪೋಲೀಸಿನವರು ಪ್ರಕಾಶಕರನ್ನೂ, ಅಂಗಡಿಯಲ್ಲಿ ಮಾರಾಟಕ್ಕಿದ್ದ ಶಿಗೆಯೋಶಿ ಮುರಾವೋ ಎಂಬವರನ್ನೂ ಸೆರೆಹಿಡಿದರು. ಅಕ್ಟೋಬರ್ ತಿಂಗಳಲ್ಲಿ ನ್ಯಾಯಾಧೀಶರು ಆ ಗ್ರಂಥವು ಅಶ್ಲೀಲವಲ್ಲವೆಂದು ತೀರ್ಪಿತ್ತರು. ಪುಸ್ತಕವನ್ನು ಮಾರುವವನು ಅದರ ಮಾತಿಗೆ ಹೊಣೆಯಾಗಿ ನಿಲ್ಲಬೇಕಾದ ಸಂದರ್ಭವೂ ಉಂಟೆಂಬುದು ಇದರಿಂದ ತಿಳಿಯತಕ್ಕ ವಿಷಯ.

ಕಾವ್ಯಕ್ಕೆ ವಾದ್ಯವನ್ನು ಕೂಡಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೆಂದು ನಾನು ಹೇಳುತ್ತಿಲ್ಲ. ಓದುವವನ ಕಂಠವನ್ನು ವೃಂದದ ಮತ್ತೊಂದು ವಾದ್ಯವೆಂದೇ ಭಾವಿಸಬೇಕೆಂಬುದು ರೆಕ್ಸ್‌ರಾತ್ ಅವರ ಮತವಾಗಿದ್ದಿತು. ಹಾಗಾಗಬೇಕಾದರೆ ಅಭ್ಯಾಸ ಬೇಕು. ಅಭ್ಯಾಸವಿಲ್ಲದ ಕಡೆ ವಾದ್ಯದ ಅಬ್ಬರದಲ್ಲಿ ಕವಿಯ ದನಿಯು ಬೀದಿಯಲ್ಲಿ ಮೀನು ಮಾರುವವನ ಕೂಗಿನಂತಾಗುವುದೆಂದು ಫರ್ಲಿಂಗೆಟಿಯವರೇ ಮುಂದೆ ಬೇಸರಗೊಂಡರು. ರಾಗದಲ್ಲಿ ಮಾತು ಮುಳುಗಬಾರದೆಂದು ನಮ್ಮ ಗಮಕಿಗಳು ಎಚ್ಚರ ವಹಿಸುವುದೂ ಇದಕ್ಕಾಗಿಯೇ. ಮಾತು ವಾದ್ಯಕ್ಕೆ ದಾಸಿಯಲ್ಲ, ವಾದ್ಯ ಮಾತಿಗೆ ದಾಸನಲ್ಲ. ಒಂದು ನುಡಿಯುವಾಗ ಇನ್ನೊಂದು ಕೇಳಬೇಕು. ಕೇಳಬಲ್ಲವನಿಗೆ ಮಾತ್ರ ನುಡಿಯುವ ಅಧಿಕಾರ.

ಇಷ್ಟಾದರೂ, ಇದಕ್ಕೆ ಪುಸ್ತಕದಂಗಡಿಯೇ ಏತಕ್ಕೆ ಬೇಕು, ಸಂಗೀತಶಾಲೆಗಳಿಲ್ಲವೆ, ಎಂದು ವಾಚಕರು ಕೇಳಬಹುದು. ಇದ್ದವು, ಬಹುಮಟ್ಟಿಗೆ ಅಳಿದುಹೋದವು. ಆ ನಗರದ ಫಿಲ್ಮೋರ್ ಎಂಬ ಮೊಹಲ್ಲೆಯು ಒಂದು ಕಾಲದಲ್ಲಿ ಜಾಝಿನ ತವರಾಗಿದ್ದಿತು. ಅಲ್ಲಿಯ ‘ಬಾಪ್ ಸಿಟಿ’ ಎಂಬ ಪ್ರಸಿದ್ಧ ಶಾಲೆ ೧೯೫೦ರಿಂದ ೧೯೬೫ರವರೆಗೆ ನಡೆಯಿತು. ನಗರಸುಧಾರಣೆಯ ಹೆಸರಿನಲ್ಲಿ ಆ ಪ್ರದೇಶದ ಮನೆಮಠಗಳನ್ನು ಕೆಡವಿದಾಗ ಸಾವಿರಾರು ಕುಟುಂಬಗಳು ಚದುರಿದವು. ಬಾಪ್ ಸಿಟಿಯಿದ್ದ ಮರದ ಕಟ್ಟಡವನ್ನು ಮಾತ್ರ ಸಮೀಪದ ಇನ್ನೊಂದು ಬೀದಿಗೆ ಸಾಗಿಸಿ ಉಳಿಸಿದರು. ಅದರಲ್ಲಿ ಮುಂದೆ ‘ಮಾರ್ಕಸ್ ಬುಕ್ಸ್’ ಎಂಬ, ೧೯೬೦ರಲ್ಲಿ ರಿಚರ್ಡ್‌ಸನ್ ದಂಪತಿಗಳು ಸ್ಥಾಪಿಸಿದ್ದ ಪುಸ್ತಕದಂಗಡಿಯು ನೆಲೆಸಿತು. ವಾದ್ಯ ಅಡಗಿದ ಮನೆಯಲ್ಲಿ ಪುಸ್ತಕವು ದೀಪ ಹಚ್ಚಿಟ್ಟಿತು. ೧೯೧೪ರಲ್ಲಲ್ಲ, ನಮ್ಮ ಕಣ್ಣೆದುರಿನ ೨೦೧೪ರಲ್ಲಿ, ಆ ಅಂಗಡಿಯೂ ಆ ಮನೆಯನ್ನು ಬಿಟ್ಟು ಹೊರಡಬೇಕಾಯಿತು. ಓಕ್‌ಲೆಂಡಿನಲ್ಲಿದ್ದ ಅದರ ಇನ್ನೊಂದು ಅಂಗಡಿ ಉಳಿದುಕೊಂಡಿತು.

ನನ್ನ ಸೋದರಳಿಯನು ಹೇಳಿದ ಅಂಗಡಿ ಇರುವುದು ಗ್ಲೆನ್ ಪಾರ್ಕ್ ಎಂಬಲ್ಲಿ. ಹೆಸರು ‘ಬರ್ಡ್ ಅಂಡ್ ಬೆಕೆಟ್’. ಬರ್ಡ್ ಎಂಬುದು ಸ್ಯಾಕ್ಸೋಫೋನ್ ವಿದ್ವಾಂಸ ಚಾರ್ಲಿ ಪಾರ್ಕರರ ಅಡ್ಡಹೆಸರು; ಬೆಕೆಟ್ ಎಂದರೆ ೧೯೬೯ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಐರಿಷ್ ನಾಟಕಕಾರ ಸ್ಯಾಮ್ಯುಯೆಲ್ ಬೆಕೆಟ್. ನಾದವನ್ನೂ ಶಬ್ದವನ್ನೂ ಒಂದೇ ಹಲಗೆಯ ಮೇಲೆ ಬರೆಸಿದ ನಾಮಕರಣವಿದು. ೧೯೯೯ರಲ್ಲಿ ತೆರೆದ ಆ ಅಂಗಡಿಯಲ್ಲಿ ಕಪಾಟುಗಳ ನಡುವೆಯೇ ವಾದ್ಯಗಾರರು ನುಡಿಸುವರು, ಕವಿಗಳು ಓದುವರು. ಗೋಷ್ಠಿಗಳು ನಿಲ್ಲದಂತೆ ನೋಡಿಕೊಳ್ಳುವುದಕ್ಕಾಗಿ ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ಅದರ ಬೆನ್ನಿಗಿರುವುದು. ೨೦೨೦ರ ಸಾಂಕ್ರಾಮಿಕದಲ್ಲಿ ಜನರು ಕೂಡುವಂತಿಲ್ಲದಾಗಲೂ ವಾದ್ಯಗಾರರು ಅಲ್ಲಿ ನುಡಿಸಿದರು. ಶ್ರೋತೃಗಳು ಅಂತರಜಾಲದ ಮೂಲಕ ತಮ್ಮ ತಮ್ಮ ಮನೆಗಳಲ್ಲಿ ಕೇಳಿದರು.

“ಅಲ್ಲಿಗೆ ಯಾರು ಬರುವರು?” ಎಂದು ಕೇಳಿದೆನು. “ಪಕ್ಕದ ಮನೆಯವರು, ಮಾವ. ಸಂಜೆ ಕೆಲಸದಿಂದ ಹಿಂದಿರುಗುವವರು, ಮುದುಕರು, ಮಕ್ಕಳು. ನಾನು ಆ ಊರಿಗೆ ಹೋದ ಮೊದಲ ವರ್ಷ ನನ್ನ ಹೆಸರು ಹಿಡಿದು ಕರೆದವರು ಅಲ್ಲಿಯವರೇ” ಎಂದನು. ಹುಡುಗನು ಅಷ್ಟು ಒಂಟಿಯಾಗಿದ್ದನೆಂಬುದನ್ನು ನಾವಾರೂ ಅರಿತಿರಲಿಲ್ಲ. ಅವನ ಕಾಗದಗಳಲ್ಲಿ ಅದು ಇರಲಿಲ್ಲ.

ಮೂವತ್ತು ವರ್ಷಗಳ ಕಾಲ ನಾನು ಕಾವ್ಯವನ್ನು ಬೋಧಿಸಿದೆನು. ಶ್ಲೋಕವೊಂದನ್ನು ರಾಗವಾಗಿ ಹೇಳತೊಡಗಿದ ಹುಡುಗನನ್ನು ನಡುವೆಯೇ ನಿಲ್ಲಿಸಿ, ಸಮಾಸ ಯಾವುದು, ಹೇಳು ಎಂದು ಕೇಳಿದ್ದು ಎಷ್ಟು ಬಾರಿಯೋ! ಸಮಾಸವು ಬೇಡವೆಂದಲ್ಲ, ಅದು ಶ್ಲೋಕ ಮುಗಿಯುವವರೆಗೆ ಕಾಯಬಹುದಾಗಿದ್ದಿತು. ಆ ಹುಡುಗರಲ್ಲಿ ಎಷ್ಟು ಮಂದಿ ಮುಂದೆ ಕಾವ್ಯವನ್ನು ಮುಟ್ಟಿದರೋ ನಾನರಿಯೆನು.

ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಪುಸ್ತಕದಂಗಡಿಯಲ್ಲಿ ಯಾರಾದರೂ ಕವಿತೆ ಓದುವರೆಂದೋ ವಾದ್ಯ ನುಡಿಸುವರೆಂದೋ ತಿಳಿದರೆ ಮಕ್ಕಳನ್ನು ಕರೆದುಕೊಂಡು ಹೋಗಿರಿ. ಬರುವಾಗ ಒಂದು ಪುಸ್ತಕವನ್ನು ಕೊಂಡು ತನ್ನಿರಿ, ಏಕೆಂದರೆ ಬಾಡಿಗೆಯನ್ನು ಚಪ್ಪಾಳೆಯಿಂದ ತೆರಲಾಗದು. ಅಂತಹ ಅಂಗಡಿ ಹತ್ತಿರದಲ್ಲಿಲ್ಲವಾದರೆ ರಾತ್ರಿಯ ಊಟವಾದ ಮೇಲೆ ಮನೆಯಲ್ಲಿಯೇ ಒಂದು ಪದ್ಯವನ್ನು ಗಟ್ಟಿಯಾಗಿ ಓದಿರಿ. ಸೋದರಳಿಯನು ಹೊರಡುವ ಹಿಂದಿನ ರಾತ್ರಿ ನಾನು ರಘುವಂಶದ ಒಂದು ಸರ್ಗವನ್ನು ಓದಿದೆನು. ಅವನು ಮೊಣಕಾಲಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ ಕೇಳಿದನು. ಸಮಾಸವನ್ನು ನಾನು ಕೇಳಲಿಲ್ಲ.