ಆಕಳ ಕಿವಿಗೆ ನಂಬರ್ ಇದೆ, ಅವ್ವನ ದವಡೆಯ ಸ್ಕ್ರೂಗೆ ಇಲ್ಲ

ನಮ್ಮ ಮನೆಯ ಆಕಳ ಕಿವಿಯಲ್ಲಿ ಹಳದಿ ಬಿಲ್ಲೆ ಇದೆ. ಅದರ ಮೇಲೆ 12 ಅಂಕಿಯ ನಂಬರ್. ಪಶು ಆಸ್ಪತ್ರೆಯವರು ಬಂದರೆ ಮೊದಲು ಅದನ್ನೇ ನೋಡುತ್ತಾರೆ. ಯಾರ ಮನೆಯದು, ಯಾವ ತಳಿ, ಲಸಿಕೆ ಯಾವಾಗ ಹಾಕಿದ್ದು ಎಲ್ಲವೂ ಅವರ ಮೊಬೈಲಿನಲ್ಲಿ ಬರುತ್ತದೆ.

ಅದೇ ಮನೆಯಲ್ಲಿ ಅವ್ವನ ಕೆಳದವಡೆಯ ಎಡಗಡೆ ಒಂದು ಟೈಟಾನಿಯಂ ಸ್ಕ್ರೂ ಇದೆ. ಮೂರು ವರ್ಷದ ಹಿಂದೆ ಮೆಕ್ಕೆಜೋಳ ಮಾರಿದ ದುಡ್ಡಿನಲ್ಲಿ 45 ಸಾವಿರ ಕೊಟ್ಟು ಹಾಕಿಸಿದ್ದು. ಅದು ಯಾವ ಕಂಪನಿಯದು, ಎಷ್ಟು ಉದ್ದ, ಎಷ್ಟು ದಪ್ಪ ಎಂಬುದು ನಮಗೆ ಗೊತ್ತಿಲ್ಲ. ಹಾಕಿದ ಕ್ಲಿನಿಕ್ಕಿಗೆ ಫೋನ್ ಮಾಡಿದರೆ "ಫೈಲು ನೋಡಬೇಕು" ಅಂತಾರೆ. ಫೈಲು ಮಾತ್ರ ಸಿಗುತ್ತಿಲ್ಲ.

ಈಗೇಕೆ ಈ ಮಾತು ಅಂದರೆ, ಅವ್ವನ ಆ ಹಲ್ಲು ಅಲುಗಾಡತೊಡಗಿದೆ. ರೊಟ್ಟಿ ಅಗಿಯುವಾಗ ಟಕ್ ಟಕ್ ಅನ್ನುತ್ತದೆಯಂತೆ. ಹಾಕಿದವರ ಹತ್ತಿರ ಹೋದೆವು. ಅಲ್ಲಿ ಕೂತಿದ್ದವರು ಬೇರೆ ಹುಡುಗ ಡಾಕ್ಟರು. "ಇಂಪ್ಲಾಂಟ್ ಹಾಕಿದವರು ಭಾನುವಾರ ಬರ್ತಿದ್ದ ಸ್ಪೆಷಲಿಸ್ಟ್, ಈಗ ಬರೋದು ಬಿಟ್ಟಿದ್ದಾರೆ" ಅಂದರು. ಬಸ್ಸು ಹತ್ತಿ ದಾವಣಗೆರೆಯ ದಂತ ಕಾಲೇಜೊಂದಕ್ಕೆ ಹೋದೆವು. ಅಲ್ಲಿನ ಮೇಡಂ ಎಕ್ಸರೇ ತೆಗೆಸಿ ನೋಡಿ ನೆಮ್ಮದಿಯ ಮಾತೇ ಹೇಳಿದರು. "ಮೂಳೆಯೊಳಗಿನ ಸ್ಕ್ರೂ ಗಟ್ಟಿಯಾಗಿದೆ ಅಮ್ಮಾ. ಮೇಲಿನ ಕ್ಯಾಪ್ ಹಿಡಿದಿರೋ ಸಣ್ಣ ಸ್ಕ್ರೂ ಸಡಿಲ ಆಗಿದೆ ಅಷ್ಟೆ. ಬಿಗಿ ಮಾಡಿದ್ರೆ ಮುಗೀತು." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಇದು ಯಾವ ಕಂಪನಿದು? ಕಾರ್ಡ್ ಎಲ್ಲಿ?"

ಕಾರ್ಡ್ ಇರಲಿಲ್ಲ. ಹತ್ತು ನಿಮಿಷದ ಕೆಲಸ ಎರಡು ತಿಂಗಳಾದರೂ ಮುಗಿದಿಲ್ಲ.

ಇಂಪ್ಲಾಂಟ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಹಲ್ಲು ಕಿತ್ತ ಜಾಗದ ಮೂಳೆಗೆ ತೂತು ಕೊರೆದು ಟೈಟಾನಿಯಂ ಸ್ಕ್ರೂ ಕೂರಿಸುತ್ತಾರೆ. ಸಾಮಾನ್ಯವಾಗಿ ಕೆಲವು ತಿಂಗಳು ಬಿಡುತ್ತಾರೆ. ಆ ಹೊತ್ತಿಗೆ ಮೂಳೆ ಆ ಲೋಹವನ್ನು ಕಚ್ಚಿ ಹಿಡಿದುಕೊಳ್ಳುತ್ತದೆ. ಆಮೇಲೆ ಅದರ ಮೇಲೊಂದು ಕೊಂಡಿ, ಕೊಂಡಿಯ ಮೇಲೆ ಹಲ್ಲಿನ ಆಕಾರದ ಕ್ಯಾಪ್. ಇದು ಮೋಸದ ವಿದ್ಯೆಯಲ್ಲ. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂ ಇಟ್ಟು ಬೇರೇನನ್ನೋ ಪರೀಕ್ಷಿಸುತ್ತಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಲೋಹ ಹೊರಗೆ ಬರಲೇ ಇಲ್ಲ, ಮೂಳೆ ಅಷ್ಟು ಗಟ್ಟಿಯಾಗಿ ಹಿಡಿದಿತ್ತು. ಅಲ್ಲಿಂದ ಹುಟ್ಟಿದ್ದು ಈ ಚಿಕಿತ್ಸೆ. 1965ರಲ್ಲಿ ಅವರು ಯೋಸ್ಟಾ ಲಾರ್ಸನ್ ಎಂಬ ರೋಗಿಗೆ ಹಾಕಿದ ಇಂಪ್ಲಾಂಟ್‌ಗಳು ಆತ 2006ರಲ್ಲಿ ಸಾಯುವ ತನಕ ಬಾಯಲ್ಲೇ ಇದ್ದವು. ನಲವತ್ತು ವರ್ಷ! ಆದ್ದರಿಂದ "ಅದೆಲ್ಲ ದುಡ್ಡು ಹೊಡೆಯೋ ದಂಧೆ, ಹಾಕಿಸಲೇಬೇಡಿ" ಅನ್ನುವ ಕಟ್ಟೆಪುರಾಣ ನನಗೆ ಒಪ್ಪಿಗೆಯಿಲ್ಲ.

ಆದರೆ ನಲವತ್ತು ವರ್ಷ ಬಾಯಲ್ಲಿ ಇರಬೇಕಾದ ವಸ್ತುವಿಗೆ ನಾಲ್ಕು ಸಾಲಿನ ಕಾಗದ ಬೇಡವೇ?

ಕಾಗದ ಯಾಕೆ ಬೇಕು ಅನ್ನುವುದನ್ನು ಪಂಪ್‌ಸೆಟ್ ರಿಪೇರಿ ಮಾಡಿದವರು ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಅಲೆನ್ ಕೀ ಒಂದು ಸೈಜು ಹೆಚ್ಚುಕಡಿಮೆಯಾದರೆ ಏನಾಗುತ್ತದೆ? ಬೋಲ್ಟಿನ ತಲೆ ಸವೆದು ದುಂಡಗಾಗುತ್ತದೆ, ಆಮೇಲೆ ಯಾವ ಕೀಗೂ ಅದು ಬಗ್ಗುವುದಿಲ್ಲ. ಇಂಪ್ಲಾಂಟಿನ ಸಣ್ಣ ಸ್ಕ್ರೂ ಕೂಡ ಹಾಗೇ. ಕಂಪನಿಗೊಂದು ಅಳತೆ. ಒಂದರದು 1.20 ಮಿಲಿಮೀಟರ್, ಇನ್ನೊಂದರದು 1.25, ಮತ್ತೊಂದರ ತಲೆ ಆರು ಮೂಲೆಯ ಬದಲು ನಕ್ಷತ್ರದ ಆಕಾರದ್ದು. ಕೂದಲೆಳೆಯ ಅಂತರ. ತಪ್ಪು ಡ್ರೈವರ್ ಹಾಕಿ ತಿರುಗಿಸಿದರೆ ಸ್ಕ್ರೂವಿನ ತಲೆ ಹೋಗುತ್ತದೆ. ಅದು ಹೋದರೆ ಕೊರೆದು ತೆಗೆಯಬೇಕು. ಕೊರೆಯುವಾಗ ಒಳಗಿನ ಎಳೆ ಕೆಟ್ಟರೆ ಗಟ್ಟಿಯಾಗಿ ಕೂತಿರುವ ಇಂಪ್ಲಾಂಟನ್ನೇ ಮೂಳೆಯಿಂದ ಬಿಡಿಸಬೇಕಾಗಬಹುದು. ಅದಕ್ಕೇ ಮೇಡಂ ಕೈ ಹಾಕಲಿಲ್ಲ. ಅವರು ಮಾಡಿದ್ದು ಸರಿ.

ಅವರು ಇನ್ನೊಂದು ಕೆಲಸ ಮಾಡಿದರು. ಎಕ್ಸರೇಯ ಫೋಟೋ ತೆಗೆದು ತಮ್ಮ ದಂತವೈದ್ಯ ಗೆಳೆಯರ ವಾಟ್ಸಾಪ್ ಗ್ರೂಪಿಗೆ ಹಾಕಿ, ಇದನ್ನು ಯಾರಾದರೂ ಗುರುತಿಸುತ್ತೀರಾ ಎಂದು ಕೇಳಿದರು. ನಮ್ಮೆದುರಿಗೇ ಉತ್ತರ ಬರತೊಡಗಿದವು. ಕೊರಿಯಾದ್ದು ಅಂತ ಒಬ್ಬರು, ಇಸ್ರೇಲಿನದು ಅಂತ ಇನ್ನೊಬ್ಬರು, ಮೂರನೆಯವರು ಬೇರೊಂದು ಹೆಸರು. ನಾಲ್ಕನೆಯವರು ಬರೆದದ್ದು: "ಮೇಡಂ, ನನ್ನ ಹತ್ರನೂ ಇಂಥವೇ ಎರಡು ಕೇಸ್ ಇವೆ, ನಿಮಗೆ ಗೊತ್ತಾದ್ರೆ ಹೇಳಿ." ಅವ್ವ "ಏನಂತಾರೆ?" ಅಂದಳು. ಏನು ಹೇಳಲಿ? ನಾಲ್ಕು ಮಂದಿ ಡಾಕ್ಟರು ಸೇರಿ ನಿನ್ನ ಹಲ್ಲಿನ ಊರು ಹುಡುಕುತ್ತಿದ್ದಾರೆ ಅಂದೆ. ನಕ್ಕಳು.

ನನಗೆ ನಗು ಬರಲಿಲ್ಲ. ಆ ಗ್ರೂಪಿನಲ್ಲಿದ್ದವರೆಲ್ಲ ಒಳ್ಳೆಯವರೇ, ಪುಕ್ಕಟೆಯಾಗಿ ತಲೆ ಕೆಡಿಸಿಕೊಂಡವರು. ಆದರೆ ಅವರು ಸೇರಿ ಬಿಡಿಸುತ್ತಿದ್ದ ಒಗಟನ್ನು ಕಟ್ಟಿದವರೂ ಅವರದೇ ವೃತ್ತಿಯವರು. ಇಂಪ್ಲಾಂಟ್ ಬರುವ ಡಬ್ಬಿಯಲ್ಲೇ ಸ್ಟಿಕ್ಕರ್ ಇರುತ್ತದೆ: ಕಂಪನಿ, ಮಾದರಿ, ಅಳತೆ, ಬ್ಯಾಚ್ ನಂಬರ್. ಫೈಲಿಗೊಂದು, ರೋಗಿಗೊಂದು ಕೊಡಲೆಂದು ಕಿತ್ತು ಅಂಟಿಸುವಂಥ ಸ್ಟಿಕ್ಕರ್. ಅವ್ವನದು ಡಬ್ಬಿಯ ಜೊತೆ ಕಸದ ಬುಟ್ಟಿಗೆ ಹೋಗಿರಬೇಕು.

ಇದಾದ ಮೇಲೆ ಪರಿಚಯದ ದಂತವೈದ್ಯನೊಬ್ಬನ ಜೊತೆ ಅವರ ಭಾನುವಾರದ ತರಬೇತಿಯೊಂದಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಹೋಟೆಲ್ಲಿನ ಹಾಲ್, ಅರವತ್ತು ಎಪ್ಪತ್ತು ಮಂದಿ. ಬೆಳಿಗ್ಗೆಯ ಪಾಠ ನಿಜಕ್ಕೂ ಚೆನ್ನಾಗಿತ್ತು. ಕೊರೆಯುವಾಗ ನೀರು ಬಿಡದೆ ಮೂಳೆ 47 ಡಿಗ್ರಿ ದಾಟಿ ಒಂದು ನಿಮಿಷ ಬಿಸಿಯಾದರೆ ಅದು ಸಾಯುತ್ತದೆ, ಸತ್ತ ಮೂಳೆ ಸ್ಕ್ರೂ ಹಿಡಿಯುವುದಿಲ್ಲ ಅಂತ ಹೇಳಿದರು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ಬೀಡಿ ಸಿಗರೇಟು ಬಿಡದವರಿಗೆ ಅವಸರ ಮಾಡಬೇಡಿ ಅಂದರು. ಮಧ್ಯಾಹ್ನ ಊಟವಾದ ಮೇಲೆ ಮಾತಿನ ಧಾಟಿ ಬದಲಾಯಿತು. "ಕೇಸ್ ಕನ್ವರ್ಟ್" ಮಾಡುವುದು ಹೇಗೆ. ಅಂದರೆ ಹಲ್ಲುನೋವು ಅಂತ ಬಂದವರನ್ನು ಇಂಪ್ಲಾಂಟಿಗೆ ಒಪ್ಪಿಸುವುದು ಹೇಗೆ. ಬೆಲೆಯನ್ನು ಯಾವಾಗ ಹೇಳಬೇಕು, ಇಎಂಐ ಮಾತು ಹೇಗೆ ತೆಗೆಯಬೇಕು, ಮಗನನ್ನು ಒಳಗೆ ಕರೆಯಬೇಕೋ ಅವ್ವನಿಗೇ ಹೇಳಬೇಕೋ. ಅವ್ವನಿಗೆ ಹೇಳುವ ಮೊದಲು ನನ್ನನ್ನು ಒಳಗೆ ಕರೆದದ್ದು ಯಾಕೆ ಅಂತ ಆ ದಿನ ಗೊತ್ತಾಯಿತು.

ಸಂಜೆ ಐದರ ತನಕ ಕೂತಿದ್ದೆ. ಹಾಕಿದ್ದು ಏನು ಅಂತ ರೋಗಿಯ ಕೈಗೆ ಬರೆದು ಕೊಡಿ ಎಂಬ ಒಂದು ಮಾತನ್ನು ಯಾರೂ ಆಡಲಿಲ್ಲ.

ಚಹಾ ಹೊತ್ತಿನಲ್ಲಿ ನಾನೇ ಕೆಲವರನ್ನು ಕೇಳಿದೆ. ಒಬ್ಬರು ಹೇಳಿದರು, "ಹಳ್ಳಿಯವ್ರು ಕಾಗದ ಎಲ್ಲಿ ಇಟ್ಕೋತಾರೆ ಸಾರ್, ಕಳೀತಾರೆ." ಈ ಮಾತು ಕೇಳಿ ಮೈ ಉರಿಯಿತು. ಅಜ್ಜನ ಕಾಲದ ಪಹಣಿ, ಕ್ರಯಪತ್ರ ಟ್ರಂಕಿನಲ್ಲಿ ಇಟ್ಟವರು ನಾವು. ರೇಷನ್ ಕಾರ್ಡ್, ಬೆಳೆ ವಿಮೆ ರಸೀದಿ, ಬೋರ್‌ವೆಲ್ ಮೋಟರಿನ ಬಿಲ್ಲು, ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿ ಇಡುತ್ತೇವೆ. ಕೊಟ್ಟು ನೋಡಿ, ಕಳೆದರೆ ಆಮೇಲೆ ಬೈಯಿರಿ.

ಇನ್ನೊಬ್ಬರು ಪ್ರಾಮಾಣಿಕವಾಗಿ ಮಾತಾಡಿದರು. ಕಾರ್ಡ್ ಕೊಟ್ಟರೆ ನಾಳೆ ಅದನ್ನೇ ಹಿಡಿದು ಗ್ರಾಹಕರ ಕೋರ್ಟಿಗೆ ಹೋಗುತ್ತಾರೆ ಅನ್ನುವ ಹೆದರಿಕೆ ಇದೆಯಂತೆ. ದುಡ್ಡು ಪಡೆದು ಮಾಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಕಾರ್ಡ್ ಇಲ್ಲದಿದ್ದರೂ ಕೋರ್ಟಿಗೆ ಹೋಗುವವರು ಹೋಗುತ್ತಾರೆ. ಆಗ ದಾಖಲೆ ಇಲ್ಲದ ಡಾಕ್ಟರ ಪಾಡೇ ಕಷ್ಟದ್ದು. ಹೆದರಿಕೆಗೆ ಅವರು ಹೇಳದ ಇನ್ನೊಂದು ಕಾರಣವೂ ಇದ್ದೀತು. ಸ್ಟಿಕ್ಕರ್ ಕೊಟ್ಟರೆ ಹೇಳಿದ್ದೊಂದು, ಹಾಕಿದ್ದೊಂದು ಆಗಿದ್ದರೆ ತಿಳಿದುಹೋಗುತ್ತದೆ.

ನನ್ನನ್ನು ಕರೆದುಕೊಂಡು ಹೋದ ಹುಡುಗನ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಐದು ವರ್ಷ ಬಿಡಿಎಸ್ ಓದಿ, ಸಾಲ ಮಾಡಿ ಕುರ್ಚಿ, ಕಂಪ್ರೆಸರ್, ಎಕ್ಸರೇ ಮಿಷನ್ ತಂದು ತಾಲ್ಲೂಕಿನಲ್ಲಿ ಕೂತಿದ್ದಾನೆ. ಬರುವವರಲ್ಲಿ ಮುಕ್ಕಾಲು ಮಂದಿ ಹಲ್ಲು ಕೀಳಿಸಲು ಬರುತ್ತಾರೆ. ಮುನ್ನೂರು ಅಂದರೆ ಇನ್ನೂರು ಕೊಡುತ್ತಾರೆ. ಬ್ಯಾಂಕಿನ ಕಂತು ತೀರುವುದು ಇಂಪ್ಲಾಂಟಿನಿಂದ. ಅದಕ್ಕೆ ದೊಡ್ಡ ಊರಿನಿಂದ ಸ್ಪೆಷಲಿಸ್ಟ್ ಬರುತ್ತಾರೆ, ಡಬ್ಬಿ ಅವರೇ ತರುತ್ತಾರೆ, ತಮ್ಮ ಪಾಲು ತಗೊಂಡು ಸಂಜೆ ಬಸ್ಸಿಗೆ ಹೋಗುತ್ತಾರೆ. "ಅಣ್ಣಾ, ನನ್ನ ಕ್ಲಿನಿಕ್ಕಲ್ಲೇ ಹಾಕಿದ್ದು ಯಾವುದು ಅಂತ ಎಷ್ಟೋ ಸಲ ನನಗೇ ಗೊತ್ತಿರಲ್ಲ. ಕೇಳಿದ್ರೆ ಮುಂದಿನ ವಾರ ಬರೋದಿಲ್ಲ ಅನ್ನೋ ಭಯ" ಅಂದ. ಅಲುಗಾಡುವ ಹಲ್ಲು ಹಿಡಿದುಕೊಂಡು ರೋಗಿ ಬರುವುದು ಇವನ ಬಾಗಿಲಿಗೆ. ಬೈಗುಳವೂ ಇವನಿಗೇ.

ಹಾಗಾಗಿ ಈ ಕಾರ್ಡು ರೋಗಿಗೆ ಎಷ್ಟು ಬೇಕೋ ಈ ಹುಡುಗನಿಗೂ ಅಷ್ಟೇ ಬೇಕು. ಅವನು ಒಬ್ಬನೇ ಕೇಳಿದರೆ ನಡೆಯುವುದಿಲ್ಲ, ಆ ಹಾಲಿನಲ್ಲಿ ಕೂತಿದ್ದ ಅರವತ್ತು ಮಂದಿ ಸೇರಿ ಸ್ಟಿಕ್ಕರ್ ಕೊಡದ ಸ್ಪೆಷಲಿಸ್ಟನ್ನು ಕರೆಯುವುದಿಲ್ಲ ಅಂದರೆ ಒಂದೇ ತಿಂಗಳಲ್ಲಿ ನಡೆಯುತ್ತದೆ. ಕೇಸ್ ಕನ್ವರ್ಟ್ ಮಾಡುವುದನ್ನು ಒಬ್ಬರಿಗೊಬ್ಬರು ಅಷ್ಟು ಪ್ರೀತಿಯಿಂದ ಹೇಳಿಕೊಡುವವರಿಗೆ ಇದನ್ನು ಹೇಳಿಕೊಡಲು ಅಡ್ಡಿಯೇನು?

ಸರ್ಕಾರಕ್ಕೂ ಇದು ಹೊಸ ವಿಷಯವಲ್ಲ. 2017ರಲ್ಲಿ ಹೃದಯದ ಸ್ಟೆಂಟಿಗೆ ಕೇಂದ್ರ ಬೆಲೆಮಿತಿ ಹಾಕಿದಾಗ ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆ, ಬ್ರ್ಯಾಂಡ್, ತಯಾರಿಸಿದ ಕಂಪನಿ, ಬ್ಯಾಚ್ ನಂಬರ್ ಬೇರೆಯಾಗಿ ಬರೆಯಬೇಕು ಅಂತ ಆದೇಶವಾಯಿತು. ಯೂರೋಪ್ ಒಕ್ಕೂಟದಲ್ಲಿ 2021ರ ಮೇ ತಿಂಗಳಿಂದ ಜಾರಿಯಲ್ಲಿರುವ ನಿಯಮ ದೇಹದೊಳಗೆ ಹಾಕುವ ಇಂಪ್ಲಾಂಟ್‌ಗಳಿಗೆ ಕಾರ್ಡ್ ಕೊಡಬೇಕು ಅನ್ನುತ್ತದೆ. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಹಲ್ಲಿನ ಕ್ಲಿನಿಕ್ಕೂ ನೋಂದಣಿ ಮಾಡಿಸಬೇಕು, ದರಪಟ್ಟಿ ಕಾಣುವಂತೆ ಹಾಕಬೇಕು. ಆ ದರಪಟ್ಟಿಯ ಪಕ್ಕದಲ್ಲೇ "ಇಂಪ್ಲಾಂಟ್ ಕಾರ್ಡ್ ಕೇಳಿ ಪಡೆಯಿರಿ" ಅನ್ನುವ ಒಂದು ಸಾಲು ಬರೆಸಲು ಜಿಲ್ಲಾಡಳಿತಕ್ಕೆ ಎಷ್ಟು ಖರ್ಚು?

ನಮ್ಮ ತಪ್ಪೂ ಇದೆ. 55 ಸಾವಿರ ಅಂದದ್ದನ್ನು ಚೌಕಾಸಿ ಮಾಡಿ 45ಕ್ಕೆ ಇಳಿಸಿದ್ದೇ ದೊಡ್ಡ ಗೆಲುವು ಅಂದುಕೊಂಡು ಬಂದೆ. ಪತ್ರಿಕೋದ್ಯಮ ಓದಿದವನು, ದಾಖಲೆ ಕೇಳುವುದೇ ನನ್ನ ಕಸುಬು. ಬಿಲ್ಲು ಕೂಡ ಕೇಳಲಿಲ್ಲ. ಬಿಳಿ ಚೀಟಿಯಲ್ಲಿ ಮೊತ್ತ ಬರೆದು ಕೊಟ್ಟರು, ಜೇಬಿನಲ್ಲಿ ಹಾಕಿಕೊಂಡೆ.

ನಿಮ್ಮ ಮನೆಯಲ್ಲಿ ಯಾರಾದರೂ ಇಂಪ್ಲಾಂಟ್ ಹಾಕಿಸುವವರಿದ್ದರೆ, ಸ್ಕ್ರೂ ಕೂರಿಸಿದ ದಿನವೇ ಡಬ್ಬಿಯ ಸ್ಟಿಕ್ಕರ್ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಳ್ಳಿ. ಯಾವ ಹಲ್ಲಿನ ಜಾಗ, ಯಾವ ತಾರೀಖು, ಹಾಕಿದ ಡಾಕ್ಟರ ಹೆಸರು ಮತ್ತು ನೋಂದಣಿ ನಂಬರ್ ಬರೆಸಿಕೊಳ್ಳಿ. ಕ್ಯಾಪ್ ಹಾಕಿದ ದಿನ ಅದನ್ನು ಸ್ಕ್ರೂನಿಂದ ಹಿಡಿಸಿದ್ದೋ, ಸಿಮೆಂಟಿನಿಂದ ಅಂಟಿಸಿದ್ದೋ ಕೇಳಿ. ಎಕ್ಸರೇಯನ್ನು ನಿಮ್ಮ ವಾಟ್ಸಾಪಿಗೆ ಹಾಕಿಸಿಕೊಂಡು ಮಕ್ಕಳಿಗೂ ಕಳಿಸಿ ಇಡಿ, ಫೋನು ಕೆಟ್ಟರೂ ಒಬ್ಬರ ಹತ್ತಿರ ಉಳಿಯುತ್ತದೆ. ಈಗಾಗಲೇ ಹಾಕಿಸಿದವರು ಹಲ್ಲು ಗಟ್ಟಿ ಇರುವಾಗಲೇ ಹೋಗಿ ಕೇಳಿ. ಅಲುಗಾಡಿದ ಮೇಲೆ ಕೇಳಿದರೆ ಫೈಲು ಸಿಗುವುದಿಲ್ಲ.

ಅವ್ವನದು ಇನ್ನೂ ಮುಗಿದಿಲ್ಲ. ಹಾಕಿದ ಕ್ಲಿನಿಕ್ಕಿಗೆ ಕಂಪನಿಯ ಹೆಸರು, ಅಳತೆ ಬರೆದು ಕೊಡಿ ಅಂತ ಅಂಚೆಯಲ್ಲಿ ಪತ್ರ ಕಳಿಸಿದ್ದೇನೆ. ತಲುಪಿದೆ ಅನ್ನುವ ಕೆಂಪು ಚೀಟಿ ಬಂದು ಹದಿನೆಂಟು ದಿನವಾಯಿತು, ಉತ್ತರ ಬಂದಿಲ್ಲ. ಮುಂದಿನ ಸೋಮವಾರ ಮೇಡಂ ಬರಲು ಹೇಳಿದ್ದಾರೆ, ಯಾರದೋ ಹತ್ತಿರ ಎರಡು ಮೂರು ಥರದ ಡ್ರೈವರ್ ಕೇಳಿ ತರಿಸಿದ್ದಾರಂತೆ. ಅಲ್ಲಿಯತನಕ ಅವ್ವ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಬಲಗಡೆಯಿಂದ ತಿನ್ನುತ್ತಿದ್ದಾಳೆ.